ಕನಕರಾಜುವಿನ ಕೋವಿ ವಿಚಾರಣೆ

ಕನಕರಾಜುವಿಗೆ ಐವತ್ತೆರಡನೆಯ ವಯಸ್ಸಿನಲ್ಲಿ ಒಂದು ಕೋವಿ ಬೇಕೆನಿಸಿತು. ಆ ವಯಸ್ಸಿನಲ್ಲಿ ಗಂಡಸರಿಗೆ ಏನಾದರೊಂದು ಬೇಕೆನಿಸುವುದು ಉಂಟು. ಕೆಲವರು ತಲೆಗೂದಲಿಗೆ ಬಣ್ಣ ಹಚ್ಚುತ್ತಾರೆ, ಕೆಲವರು ಪಂಚಾಯಿತಿ ಚುನಾವಣೆಗೆ ನಿಲ್ಲುತ್ತಾರೆ. ಅವೆರಡಕ್ಕಿಂತ ಕೋವಿಯೇ ವಾಸಿ ಎಂದು ಅವನ ಹೆಂಡತಿ ರಾಧಾ ಮೊದಮೊದಲು ಸುಮ್ಮನಿದ್ದಳು.

ಹೇಳಿಕೊಳ್ಳುವ ಕಾರಣ ಹಂದಿ. ರಾವಂದೂರಿನಿಂದ ಎರಡು ಮೈಲಿ ಒಳಗಿರುವ ಸಣ್ಣಕೊಪ್ಪಲಿನಲ್ಲಿ ಅವನಿಗೆ ಮೂರೆಕರೆ ಹೊಲ. ಅರ್ಧ ಹೊಗೆಸೊಪ್ಪು, ಅರ್ಧ ಮುಸುಕಿನ ಜೋಳ. ಹೊಗೆಸೊಪ್ಪನ್ನು ಕಾಡುಹಂದಿ ಮೂಸಿಯೂ ನೋಡುವುದಿಲ್ಲ. ಆದರೆ ಜೋಳಕ್ಕೆ ಹಾಲು ತುಂಬಿದ ವಾರ ಸರಿಯಾಗಿ ಸಂಸಾರಸಮೇತ ಬಂದು, ತಿಂದಷ್ಟು ತಿಂದು, ಉಳಿದದ್ದರ ಮೇಲೆ ಹೊರಳಾಡಿ ಹೋಗುತ್ತದೆ. ಕನಕರಾಜು ಅಟ್ಟಣೆಯ ಮೇಲೆ ಕೂತು ತಗಡು ಬಡಿಯುತ್ತಿದ್ದ. ಮೊದಲ ವರ್ಷ ಹಂದಿಗಳು ಹೆದರಿ ಓಡಿದವು. ಎರಡನೆಯ ವರ್ಷ ತಲೆಯೆತ್ತಿ ನೋಡಿದವು. ಮೂರನೆಯ ವರ್ಷ ಸದ್ದು ಕೇಳಿದ ಮೇಲೆಯೇ ಬರತೊಡಗಿದವು. ತಗಡಿನ ಸದ್ದೆಂದರೆ ಊಟಕ್ಕೆ ಕರೆ ಎಂದು ಅವು ತಿಳಿದುಕೊಂಡಂತಿತ್ತು.

ಹೇಳಿಕೊಳ್ಳದ ಕಾರಣ ರಾಧಾಳ ಅಣ್ಣ ಶಿವಶಂಕರ್. ಅವನಿಗೆ ಕುಶಾಲನಗರದಾಚೆಯ ಕಾಫಿ ತೋಟದಲ್ಲಿ ಆಳುಗಳ ಲೆಕ್ಕ ಬರೆಯುವ ರೈಟರ್ ಕೆಲಸ. ಅದು ಹಬ್ಬದ ದಿನ ಕೋವಿಗೆ ಹೂ ಮುಡಿಸಿ ಕೈಮುಗಿಯುವ ಸೀಮೆ. ಶಿವಶಂಕರ್ ಹುಟ್ಟಿದ್ದು ಪಿರಿಯಾಪಟ್ಟಣದ ಸಂತೆಬೀದಿಯಲ್ಲೇ ಆದರೂ, ಹದಿನೈದು ವರ್ಷ ಅಲ್ಲಿಯ ಗಾಳಿ ಕುಡಿದು ಅವನ ಮೀಸೆ ತಾನಾಗಿ ಮೇಲಕ್ಕೆ ತಿರುಗಿತ್ತು. ಪಿತೃಪಕ್ಷದ ಊಟಕ್ಕೆ ಬಂದವನು ಪಂಕ್ತಿಯ ನಡುವೆ ಕೂತು ಕೇಳಿದ:

“ಏನ್ ಭಾವ, ಹಂದಿ ಓಡ್ಸೋಕೆ ಇನ್ನೂ ತಗಡಾ? ನಮ್ಮ ಕಡೆ ತೊಟ್ಲಲ್ಲಿರೋ ಮಗೂನೂ ನಗ್ತದೆ. ಕೋವಿ ಇಲ್ದಿರೋ ಮನೆ ನಮ್ಮಲ್ಲಿ ಮನೆಯೇ ಅಲ್ಲ, ಬರೀ ಗೋಡೆ!”

ಪಂಕ್ತಿಯೆಲ್ಲ ನಕ್ಕಿತು. ರಾಧಾ ಗಂಡನ ಎಲೆಗೆ ಕೇಳದೆಯೇ ಇನ್ನೊಂದು ವಡೆ ಹಾಕಿದಳು. ಅವಮಾನಕ್ಕೆ ವಡೆ ಮದ್ದಲ್ಲವೆಂದು ಅವಳಿಗೂ ಗೊತ್ತು. ಆದರೆ ಆ ಹೊತ್ತಿಗೆ ಅವಳ ಕೈಯಲ್ಲಿದ್ದದ್ದು ಅದೇ.

“ತತ್ತೀನಿ ಬುಡಿ ಭಾವ,” ಎಂದ ಕನಕರಾಜು, ವಡೆಯನ್ನು ಎರಡು ತುಂಡು ಮಾಡಿ. “ಮುಂದಿನ್ ಸಲ ನೀವು ಬರೋವತ್ಗೆ ಕೋವಿ ಗ್ವಾಡೆ ಮ್ಯಾಲಿರ್ತದೆ.”

ಈ ಸುದ್ದಿ ಎಚ್.ಡಿ. ಕೋಟೆ ತಾಲ್ಲೂಕಿನ ಅಂತರಸಂತೆ ಮುಟ್ಟಲು ಮೂರು ದಿನ ಸಾಕಾಯಿತು. ಅಲ್ಲಿಗೆ ಕೊಟ್ಟಿದ್ದ ಅವನ ಅಕ್ಕ ಬೀರಮ್ಮ ಎರಡು ಬಸ್ಸು ಬದಲಾಯಿಸಿ, ತಮ್ಮನಿಗೆಂದು ಒಂದು ಚೀಲ ಅವರೆಕಾಳು ಹೊತ್ತುಕೊಂಡು, ಬೈಯಲು ಬಂದಳು.

“ಲೇ ಕನಕಾ, ತಲೆ ನೆಟ್ಟಗದಾ ನಿಂಗೆ? ನಮ್ಮೂರ ಕಾಡ್ನಾಗೆ ಒಂದು ಜಿಂಕೆ ಕೆಮ್ಮುದ್ರೂ ಗಾರ್ಡುಗಳು ಮೊದ್ಲು ಬಾಗ್ಲು ಬಡಿಯೋದು ಕೋವಿ ಇರೋರ ಮನೇದು. ನಮ್ಮಾವ ಅವ್ರ ಕೋವೀನ ಸ್ಟೇಷನ್‌ಗೆ ಒಪ್ಸಿ ಬಂದ ದಿನ ನಮ್ಮತ್ತೆ ಕೇರಿಗೆಲ್ಲ ಪಾಯಸ ಹಂಚುದ್ರು!”

“ನಿಮ್ಮೂರೇ ಬ್ಯಾರೆ, ನಮ್ಮೂರೇ ಬ್ಯಾರೆ ಕಣಕ್ಕ.”

“ಊರು ಬ್ಯಾರೆ ಕಣ್ಲಾ. ಹಂದಿ ಒಂದೇ!”

ವಾದದಲ್ಲಿ ಸೋತಾಗಲೆಲ್ಲ ಕನಕರಾಜುವಿನ ನಿರ್ಧಾರ ಇನ್ನೂ ಗಟ್ಟಿಯಾಗುತ್ತಿತ್ತು. ಮಾರನೆಯ ದಿನವೇ ಅರ್ಜಿ ಬರೆದ. ಪಹಣಿ ತಂದ, ಡಾಕ್ಟರ ಕಾಗದ ತಂದ, ಪೊಲೀಸರು ನಡೆಸುವ ಬಂದೂಕು ತರಬೇತಿಗೂ ಹೋದ. ದೀಪಾವಳಿಯ ಪಟಾಕಿಗೆ ಕೊಟ್ಟಿಗೆ ಸೇರುವ ಮನುಷ್ಯ ಅಲ್ಲಿ ಕಣ್ಣು ಮುಚ್ಚಿಕೊಂಡು ಐದು ಗುಂಡು ಹಾರಿಸಿದ. ಅವನ ಗುರಿಹಲಗೆ ತಂದಿಟ್ಟಂತೆಯೇ ಇತ್ತು. ಪಕ್ಕದವನ ಹಲಗೆಯಲ್ಲಿ ಮಾತ್ರ ಒಂದು ತೂತು ಹೆಚ್ಚಾಗಿತ್ತು. ಕಲಿಸುತ್ತಿದ್ದ ಹಿರಿಯ ಹವಾಲ್ದಾರರು ಬಹಳ ಹೊತ್ತು ಎರಡೂ ಹಲಗೆಗಳನ್ನು ನೋಡಿ, “ಹಂದಿಗೆ ಗುರಿಯಿಟ್ಟು ಹೊಡೆಯೋಕೆ ಕಾನೂನಿಲ್ಲ, ಗೊತ್ತಲ್ಲ? ಸದ್ದು ಮಾಡಿ ಓಡಿಸೋದು ಅಷ್ಟೇ. ಸದ್ದು ಚೆನ್ನಾಗಿ ಮಾಡಿದ್ದೀರಿ,” ಎಂದು ಪ್ರಮಾಣಪತ್ರಕ್ಕೆ ರುಜು ಹಾಕಿದರು. ಲೋಕದಲ್ಲಿ ಇಂಥವರೂ ಇದ್ದಾರೆ.

ಅರ್ಜಿ ಕೊಟ್ಟ ಕಚೇರಿಯ ಗುಮಾಸ್ತರು ಕೊನೆಯ ಮಾತು ಹೇಳಿದರು: “ಬರೋ ಗುರುವಾರದ ಹೊತ್ತಿಗೆ ಸ್ಟೇಷನ್ನಿಂದ ಯಾರಾದ್ರೂ ಬರ್ತಾರೆ. ಖಾಕೀಲೇ ಬರ್ತಾರೆ ಅಂತೇನಿಲ್ಲ. ನೀವು ಎಂಥೋರು, ನಿಮ್ಗೆ ಕೋವಿ ಯಾಕೆ ಬೇಕು ಅಂತ ಅಕ್ಕಪಕ್ಕದೋರ ಬಾಯಲ್ಲೇ ಬರ್ಬೇಕು.”

ಅಕ್ಕಪಕ್ಕದವರನ್ನು ಕನಕರಾಜು ಅದೇ ಸಂಜೆ ಪುಟ್ಟಮಲ್ಲಪ್ಪನ ಹೋಟೆಲಿನಲ್ಲಿ ಸೇರಿಸಿದ. ಯಾರು ಯಾವ ಮಾತು ಹೇಳಬೇಕೆಂದು ಹಂಚಿಕೆಯಾಯಿತು. ಊರಿನಲ್ಲಿ ಪ್ರಾಣಿಗಳ ಕಾಟ ಎಷ್ಟೆಂದು ಪುಟ್ಟಮಲ್ಲಪ್ಪ ಹೇಳುವುದು. ಕನಕರಾಜುವಿನ ಧೈರ್ಯದ ಬಗ್ಗೆ ಎದುರುಮನೆಯ ಅಂಕಯ್ಯ. ಅಂಕಯ್ಯನಿಗೂ ಅವನಿಗೂ ಆರು ವರ್ಷದಿಂದ ಹೊಲದ ಬೇಲಿಯ ಜಗಳ. ಆದರೂ ಊರ ಮಾನದ ಪ್ರಶ್ನೆ ಬಂದಾಗ ಬೇಲಿ ಅಡ್ಡ ಬರಬಾರದೆಂದು ಅವನೇ ಮುಂದೆ ಬಂದ. ಪಕ್ಕದ ಮನೆಯ ಮುದುಕಿ ಕುಳ್ಳಮ್ಮನಿಗೆ ಏನನ್ನೂ ಹೇಳಿಕೊಡಲಿಲ್ಲ. ಅವಳಿಗೆ ಹೇಳಿಕೊಡುವ ಅಗತ್ಯ ಯಾವತ್ತೂ ಬಿದ್ದಿಲ್ಲ.

ಇಲ್ಲಿ ಇನ್ನೊಂದು ಸಂಗತಿ ಹೇಳಬೇಕು. ಕನಕರಾಜುವಿನ ಒಬ್ಬಳೇ ಮಗಳು ಹರ್ಷಿತಾ ಮೈಸೂರಿನ ಒಂದು ಆಸ್ಪತ್ರೆಯಲ್ಲಿ ನರ್ಸು. ಅಲ್ಲಿಯೇ ರಕ್ತಪರೀಕ್ಷೆ ಮಾಡುವ ಶಶಿ ಎಂಬ ಹುಡುಗ ಅವಳಿಗೆ ಒಪ್ಪಿಗೆಯಾಗಿದ್ದ, ಅವಳೂ ಅವನಿಗೆ. ಹುಡುಗನ ತಂದೆ ತಿಮ್ಮಯ್ಯನವರು ಮೂಲತಃ ಕೆ.ಆರ್. ನಗರದ ಕಡೆಯ ಗದ್ದೆ ಬಯಲಿನವರು. ಹೆಲ್ತ್ ಇನ್‌ಸ್ಪೆಕ್ಟರಾಗಿ ನಿವೃತ್ತರಾಗಿ ಮೈಸೂರಿನಲ್ಲಿ ನೆಲೆಸಿದವರು. ನೆಂಟರಲ್ಲೇ ಒಬ್ಬನಾದ ದೊಡ್ಡಮಾದಯ್ಯ ಎರಡೂ ಕಡೆ ಓಡಾಡಿ ಮಾತು ಮುಂದುವರಿಸಿದ್ದ. ಹುಡುಗಿ ನೋಡಲು ಮುಂದಿನ ವಾರ ಬರುವುದೆಂದು ಆಗಿತ್ತು.

ಹುಡುಗಿ ನೋಡುವ ಮುಂಚೆ, ಹೇಳದೆ ಕೇಳದೆ ಊರಿಗೆ ಬಂದು ಹೋಟೆಲಿನಲ್ಲಿ ಕೂತು ಮನೆತನ ವಿಚಾರಿಸುವುದು ನಮ್ಮ ಸೀಮೆಯ ಹಳೆಯ ಪದ್ಧತಿ. ಕೋವಿ ಕೊಡುವ ಮುಂಚೆ ಸರ್ಕಾರ ಮಾಡುವುದೂ ಅದನ್ನೇ. ಸಣ್ಣಕೊಪ್ಪಲಿನಲ್ಲಿ ಎರಡಕ್ಕೂ ಇದ್ದದ್ದು ಒಂದೇ ಹೋಟೆಲು.

ಗುರುವಾರ ಹತ್ತೂವರೆಗೆ ಪುಟ್ಟಮಲ್ಲಪ್ಪನ ಹೋಟೆಲಿನ ಮುಂದೆ ಬಿಳಿಯ ಕಾರೊಂದು ನಿಂತಿತು. ಇಳಿದವರು ತಿಮ್ಮಯ್ಯನವರು ಮತ್ತು ಅವರ ಹೆಂಡತಿ ಮಾಯಮ್ಮನವರು. ತಿಮ್ಮಯ್ಯನವರಿಗೆ ಗಿಡ್ಡ ಕ್ರಾಪು, ಮಿಂಚುವ ಬೂಟು, ಜೇಬಿನಲ್ಲಿ ಎರಡು ಪೆನ್ನು. ಮಾಯಮ್ಮನವರಿಗೆ ಗಟ್ಟಿ ಮೈಕಟ್ಟು, ನೋಟದಲ್ಲಿ ಅನುಮಾನ.

“ಇನ್‌ಸ್ಪೆಕ್ಟ್ರೇ ಬಂದವ್ರೆ ಕಣ್ಲಾ,” ಎಂದು ಪುಟ್ಟಮಲ್ಲಪ್ಪ ಅಂಕಯ್ಯನ ಕಿವಿಯಲ್ಲಿ ಹೇಳಿದ. “ಜೊತೇಲಿ ಲೇಡಿ ಪೊಲೀಸು!”

ಹೆಗಲ ಮೇಲಿನ ಟವಲಿನಿಂದ ಬೆಂಚು ಒರೆಸಿ ಕೂರಿಸಿದ. ತಿಮ್ಮಯ್ಯನವರು ಟೀ ಹೇಳಿ, ಗಂಟಲು ಸರಿಮಾಡಿಕೊಂಡರು. “ಇಲ್ಲಿ ಕನಕರಾಜು ಅಂತ ಇದ್ದಾರಂತಲ್ಲ. ಹೇಗೆ ಜನ?”

“ಕನಕರಾಜನಾ ಸಾರ್? ಹುಲಿ!”

“ಹುಲಿ ಅಂದ್ರೆ?”

“ಅಂದ್ರೆ, ಒಂದ್ಸಲ ಮುನಿಸ್ಕಂಡ್ರೆ ಎದ್ರುಗಿರೋದು ಏನು ಅಂತ ನೋಡಾಕಿಲ್ಲ. ನುಗ್ಗೋದೇ.”

“ಕುಡೀತಾರಾ?” ಎಂದರು ಮಾಯಮ್ಮನವರು.

“ಛೆಛೇ! ಕುಡೀದೇನೇ ಅಂಗೆ ಅವ್ವಾ.”

ಮಾಯಮ್ಮನವರು ಗಂಡನ ಮುಖ ನೋಡಿದರು. “ಮನೇಲಿ ಸಂಸಾರ ಹೇಗೆ?”

“ಮನೇಲೆಲ್ಲಿರ್ತಾನೆ ತಾಯಿ? ಕತ್ಲಾದ್ರೆ ಆಚೇನೇ. ಮೂರು ವರ್ಸದಿಂದ ಅವ್ನು ಮನೇಲಿ ಮಲ್ಗಿದ್ದು ನಾ ಕಾಣೆ.” ಇದು ಹೊಲ ಕಾಯುವ ಕಷ್ಟದ ವರ್ಣನೆ ಎಂದು ಪುಟ್ಟಮಲ್ಲಪ್ಪ ತಿಳಿದಿದ್ದ.

ಅಂಕಯ್ಯ ತನ್ನ ಪಾಲು ಬಂತೆಂದು ಎದ್ದು ನಿಂತ. “ನಾನು ಎದುರುಮನೆಯವ್ನು ಸಾರ್. ಅವ್ನು ಬತ್ತಾವ್ನೆ ಅಂದ್ರೆ ದಾರಿ ಬುಟ್ಟು ನಿಂತ್ಕತೀನಿ. ಈ ಊರಲ್ಲಿ ಅವ್ನ ಎದ್ರುಗೆ ಉಸ್ರು ಬುಡೋ ಗಂಡ್ಸಿಲ್ಲ.” ಅಂಕಯ್ಯ ಹುಟ್ಟಿದಾಗಿನಿಂದ ಯಾರಿಗೂ ದಾರಿ ಬಿಟ್ಟವನಲ್ಲ. ಜಗಳದ ನೆರೆಯವನಿಗಾಗಿ ಆ ಹೊತ್ತು ಅವನು ತನ್ನ ಮಾನವನ್ನೇ ಕೊಟ್ಟ, ಅದನ್ನು ಮರೆಯಬಾರದು.

“ಇನ್ನೆಲ್ಡು ಮಾತು ನಾನೇಳ್ತೀನಿ ಇರಿ!” ಎನ್ನುತ್ತ ಕುಳ್ಳಮ್ಮ ಬಂದೇ ಬಿಟ್ಟಳು. “ಅವ್ನೊಬ್ನೇ ಏನು? ಮಗಳೂ ಅಪ್ಪನಂಗೇ! ಚಿರತೆ ನನ್ ಕೋಳಿ ಕಚ್ಕಂಡು ಓಯ್ತಿದ್ರೆ, ಕುಡ್ಲು ಇಡ್ಕಂಡು ಅರ್ಧ ಮೈಲಿ ಅಟ್ಟುಸ್ಕಂಡೋದ್ಲು. ಚಿರತೆ ಕೋಳಿ ಬುಟ್ಟು ಓಡೋಯ್ತು. ಆ ಮನೇಲಿ ಬೆಕ್ಕೂ ಸಾಧು ಅಲ್ಲ ಸಾಮಿ. ಯೋಚ್ನೆ ಮಾಡ್ಬ್ಯಾಡಿ, ಕೊಟ್ಬುಡಿ! ಒಂದು ಕೋವಿ ಅವ್ನ ಕೈಗೆ ಬರ್ಲಿ, ಆಮ್ಯಾಕೆ ಸುತ್ತಲ ಏಳಳ್ಳೀಲಿ ಅವ್ನ ತಡಿಯೋರು ಯಾರು ಅಂತ ನೋಡೇಬುಡ್ತೀನಿ!”

ತಿಮ್ಮಯ್ಯನವರು ಟೀ ಲೋಟವನ್ನು ಬಹಳ ಎಚ್ಚರಿಕೆಯಿಂದ ಕೆಳಗಿಟ್ಟರು, ಸದ್ದಾದರೆ ಯಾರಿಗಾದರೂ ಸಿಟ್ಟು ಬಂದೀತೆಂಬಂತೆ. ಮಾಯಮ್ಮನವರು ಆಗಲೇ ಕಾರಿನಲ್ಲಿದ್ದರು. ಕಾರು ಹಿಂದಕ್ಕೆ ತಿರುಗಿದ ರಭಸಕ್ಕೆ ಕುಳ್ಳಮ್ಮನ ಉಳಿದ ಕೋಳಿಗಳೂ ಬೇಲಿ ಹಾರಿದವು.

ವಿಚಾರಣೆಯ ಹೊತ್ತಿಗೆ ತಾನು ಎದುರಿಗಿರಬಾರದೆಂದು ಪಿರಿಯಾಪಟ್ಟಣಕ್ಕೆ ಹೋಗಿದ್ದ ಕನಕರಾಜು ಬಸ್ಸಿಳಿಯುತ್ತಲೇ ಊರು ಸುತ್ತುಗಟ್ಟಿತು. “ಕೋವಿ ನಿಂದೇ ಕಣ್ಲಾ! ಇನ್‌ಸ್ಪೆಕ್ಟ್ರು ಟೀನೂ ಕುಡೀನಿಲ್ಲ, ಅಂಗೇ ಆರ್ಡ್ರು ಮಾಡಾಕೆ ಓಡುದ್ರು!” ಕನಕರಾಜು ಎಲ್ಲರಿಗೂ ಬೋಂಡ ಕೊಡಿಸಿದ. ಬೋಂಡದ ಎಣ್ಣೆ ಕೈಯಲ್ಲಿರುವಾಗಲೇ ದೊಡ್ಡಮಾದಯ್ಯನ ಫೋನು ಬಂತು.

“ಏನಯ್ಯಾ ಕನಕಾ, ನಿಮ್ಮೂರಲ್ಲಿ ನಡೀತಿರೋದೇನು? ಬೀಗ್ರಾಗೋರು ಬಂದ್ರೆ ನೀನು ಕೊಲೆಗಾರ ಅನ್ನೋ ಅಂಗೆ ಮಾತಾಡವ್ರಲ್ಲ!”

“ಬೀಗ್ರಾ? ಯಾವಾಗ ಬಂದಿದ್ರು?”

“ಬೆಳಿಗ್ಗೆ! ಬಿಳೀ ಕಾರಲ್ಲಿ! ಮಾಯಮ್ಮೋರು ಏನಂದ್ರು ಗೊತ್ತಾ? ‘ಮೈಸೂರಲ್ಲಿ ಕೋವಿ ಇರೋದು ಬ್ಯಾಂಕಿನ ಬಾಗಿಲಲ್ಲಿ ಕೂತಿರೋನ ಹತ್ರ, ಇಲ್ಲಾಂದ್ರೆ ರೌಡಿ ಹತ್ರ. ಇವರು ಬ್ಯಾಂಕಿನ ಬಾಗಿಲಲ್ಲಂತೂ ಕೂತಿಲ್ಲ’ ಅಂದ್ರು. ನಂಟಸ್ತನ ಬ್ಯಾಡ್ವಂತೆ.”

ದೊಡ್ಡಮಾದಯ್ಯನ ದನಿ ಫೋನಿನಿಂದಾಚೆಗೆ ಹೋಟೆಲಿಗೆಲ್ಲ ಕೇಳಿಸುತ್ತಿತ್ತು. ಕುಳ್ಳಮ್ಮ ಕೈಯಲ್ಲಿದ್ದ ಅರ್ಧ ಬೋಂಡವನ್ನು ತಟ್ಟೆಗೆ ವಾಪಸು ಇಟ್ಟಳು.

ಶುಕ್ರವಾರ ಹರ್ಷಿತಾ ಬಂದಳು. ಅಳಲಿಲ್ಲ, ಕೂಗಲಿಲ್ಲ. ಬ್ಯಾಗು ಕೆಳಗಿಟ್ಟು, “ಅಪ್ಪ, ಇಲ್ಲೀವರ್ಗೂ ನಿನ್ನ ಏನಾದ್ರೂ ಕೇಳಿದ್ನಾ?” ಎಂದಳು.

“ಇಲ್ಲ ಕಣವ್ವ.”

“ಇದೊಂದೇ ಕೇಳಿದ್ದು.”

ಅಷ್ಟು ಹೇಳಿ ಒಳಗೆ ಹೋದವಳು, ಅಪ್ಪ ಬೆಳಗಿನಿಂದ ಉಂಡಿಲ್ಲವೆಂದು ಅಮ್ಮನಿಂದ ತಿಳಿದು ತಟ್ಟೆಗೆ ಬಡಿಸಿ ತಂದು ಮುಂದಿಟ್ಟಳು. ಕನಕರಾಜು ಆ ತಟ್ಟೆಯನ್ನು ಮುಗಿಸಿ, ಕೈ ತೊಳೆದು, ನೇರ ಹೋಟೆಲಿಗೆ ನಡೆದ.

“ಈ ಮದ್ವೆ ಮಾಡೇ ಮಾಡ್ತೀನಿ,” ಎಂದ, ನಿಂತುಕೊಂಡೇ. “ದೊಡ್ಡಮಾದಯ್ಯ ಯೋಳವ್ನೆ. ತಿಮ್ಮಯ್ಯೋರು ಸರ್ಕಾರಿ ಕೆಲ್ಸದಲ್ಲಿದ್ದೋರು, ಒಂದೇ ಸಲಕ್ಕೆ ಫೈಲು ಮುಚ್ಚಾಕಿಲ್ವಂತೆ. ಕೆ.ಆರ್. ನಗರದಲ್ಲಿರೋ ತಮ್ಮನ್ನ ಗುಟ್ಟಾಗಿ ಕಳ್ಸೇ ಕಳುಸ್ತಾರಂತೆ. ಅಪರಿಚಿತ್ರು ಯಾರೇ ಬರ್ಲಿ, ನಾನು ಹಸ. ತಿಳೀತಾ? ಹಸ!”

“ಹಸ ಅಲ್ಲ ಕಣ್ಲಾ, ಕರ ಮಾಡ್ಬುಡ್ತೀವಿ,” ಎಂದ ಅಂಕಯ್ಯ. “ನಿನ್ ಮಗಳ ಮದ್ವೆ ಆಗೋಗಂಟ ಬೇಲಿ ಇಸ್ಯಾನೂ ಎತ್ತಾಕಿಲ್ಲ, ಹೋಗು.”

ತಮ್ಮನನ್ನು ಕಳಿಸುತ್ತಾರೆಂಬುದು ದೊಡ್ಡಮಾದಯ್ಯನ ಊಹೆ ಮಾತ್ರ. ತಿಮ್ಮಯ್ಯನವರು ಯಾರನ್ನೂ ಕಳಿಸಲಿಲ್ಲ. ಆದರೆ ಮಂತ್ರಿಗಳ ಬಂದೋಬಸ್ತಿನಿಂದಾಗಿ ಗುರುವಾರ ಬರಲಾಗದಿದ್ದ ಠಾಣೆಯ ಕಾನ್‌ಸ್ಟೇಬಲ್ಲರು, ಬಾಕಿ ಕೆಲಸ ತೀರಿಸೋಣವೆಂದು ಭಾನುವಾರ ಚೌಕಳಿ ಅಂಗಿ ತೊಟ್ಟು, ಬೈಕಿಗೊಂದು ಚೀಲ ತೂಗುಹಾಕಿಕೊಂಡು ಬಂದರು.

“ಕನಕರಾಜು ಅನ್ನೋರ ಬಗ್ಗೆ ಸ್ವಲ್ಪ ವಿಚಾರಿಸ್ಬೇಕಿತ್ತು.”

ಪುಟ್ಟಮಲ್ಲಪ್ಪ ಅಂಕಯ್ಯನಿಗೆ ಕಣ್ಣು ಮಿಟುಕಿಸಿದ. “ಕೆ.ಆರ್. ನಗರದ ಕಡೆಯೋರಾ ಸಾರ್?”

“ಹೂಂ, ನಮ್ಮೂರು ಆ ಕಡೇನೇ. ನಿಮ್ಗೆಂಗೆ ಗೊತ್ತಾಯ್ತು?”

“ಗೊತ್ತಾಗ್ತದೆ ಬುಡಿ. ಮುಖದಲ್ಲೇ ಗದ್ದೆ ತಂಪದೆ.”

ಚೌಕಳಿ ಅಂಗಿಯವರು ಸಂತೋಷಪಟ್ಟು ಚೀಲದಿಂದ ಹಾಳೆ ತೆಗೆದರು. “ಈ ಕಡೆ ಪ್ರಾಣಿ ಕಾಟ ಹೆಂಗೆ?”

“ಪ್ರಾಣಿನಾ? ಈ ಊರಲ್ಲಿ ನಾಯಿ ಬೊಗುಳೋಕೂ ಸಂಕೋಚ ಪಡ್ತದೆ ಸಾರ್.”

“ಹಂದಿ?”

“ಹಂದಿ ಅಂದ್ರೆ ಎಂಗಿರ್ತದೆ? ಚಿತ್ರದಲ್ಲಿ ನೋಡಿವ್ನಿ.”

“ಒಂದು ಚಿರತೆ ಬಂದಿತ್ತು ಅಂತ ಅರ್ಜೀಲಿ...”

“ಅದು ನಾಯಿ ಸಾಮಿ,” ಎಂದಳು ಕುಳ್ಳಮ್ಮ ದೃಢವಾಗಿ. “ಅದೂ ಕುಂಟುನಾಯಿ. ಆ ಮಗಳು ‘ಶ್ಶೂ’ ಅಂದ್ಲು, ಅಷ್ಟೇಯ.” ಜೀವನದಲ್ಲಿ ಮೊದಲ ಸಲ ಕುಳ್ಳಮ್ಮ ನಡೆದದ್ದನ್ನು ನಡೆದಂತೆ ಹೇಳಿದ್ದಳು.

“ಕನಕರಾಜು ಮನುಷ್ಯ ಎಂಥೋರು?”

“ನಾನು ದಿನಾ ಗದರುಸ್ತೀನಿ,” ಎಂದ ಅಂಕಯ್ಯ, ಕಳೆದುಕೊಂಡ ಮಾನವನ್ನು ಬಡ್ಡಿಸಮೇತ ವಸೂಲು ಮಾಡುತ್ತ. “ತಲೆ ಬಗ್ಗುಸ್ಕಂಡು ಓಯ್ತಾನೆ. ದೀಪಾವಳೀಲಿ ಪಟಾಕಿ ಹೊಡುದ್ರೆ ಕೊಟ್ಗೇಲಿ ಹಸ ತಬ್ಕಂಡು ನಿಂತಿರ್ತಾನೆ. ಇವ್ನು ಹಸಕ್ಕೆ ಧೈರ್ಯ ಹೇಳ್ತಾನೋ, ಹಸ ಇವ್ನಿಗೆ ಹೇಳ್ತದೋ, ಶಿವನಿಗೇ ಗೊತ್ತು.”

“ಅಂಥೋರ ಕೈಗೆ ಕೋವಿ ಕೊ‌ಟ್ರೆ?”

“ಕೋವಿನಾ! ಕೊಟ್ಟೋರು ಮೊದ್ಲು ಒಂದು ಒಳ್ಳೆ ಮರ ನೋಡ್ಕಂಡು ಅದ್ರಿಂದೆ ನಿಂತ್ಕಬೇಕು!”

ಎಲ್ಲವನ್ನೂ ಬರೆದುಕೊಂಡು ಚೌಕಳಿ ಅಂಗಿಯವರು ಹಾಳೆ ಮುಂದಿಟ್ಟರು. “ಇಲ್ಲೊಂದು ರುಜು ಹಾಕಿ.” ಪುಟ್ಟಮಲ್ಲಪ್ಪ, ಅಂಕಯ್ಯ ರುಜು ಮಾಡಿದರು, ಕುಳ್ಳಮ್ಮ ಹೆಬ್ಬೆಟ್ಟೊತ್ತಿದಳು. ಸಂಬಂಧ ಬೆಳೆಸಲು ಸಾಕ್ಷಿ ರುಜು ಕೇಳುವ ಜನವನ್ನು ಅವರು ಹಿಂದೆಂದೂ ಕಂಡಿರಲಿಲ್ಲ. ನೀರಾವರಿ ಕಡೆಯವರ ಶಿಸ್ತೇ ಬೇರೆ ಎಂದು ಒಳಗೊಳಗೇ ಮೆಚ್ಚಿಕೊಂಡರು.

ಕನಕರಾಜುವಿನ ಮನೆಯಲ್ಲಿ ಅಷ್ಟರಲ್ಲಿ ನಾಟಿಕೋಳಿ ಸಾರು ಕುದಿಯುತ್ತಿತ್ತು. ಬಂದವರ ಕಾಲಿಗೆ ನೀರು ಕೊಟ್ಟು, ಚಾಪೆ ಹಾಸಿ, ಮುದ್ದೆಯ ಮೇಲೆ ಮುದ್ದೆ ಬಡಿಸಿದರು. ಚೌಕಳಿ ಅಂಗಿಯವರಿಗೆ ಇದು ಸ್ವಲ್ಪ ವಿಚಿತ್ರವೆನಿಸಿತು. ಆದರೆ ಮೂರು ದಿನ ಬಂದೋಬಸ್ತಿನಲ್ಲಿ ಚಿತ್ರಾನ್ನದ ಪೊಟ್ಟಣ ತಿಂದಿದ್ದ ಮನುಷ್ಯ, ಮುದ್ದೆ ಮುರಿದರು.

“ಆ ಕೋವಿ ಇಸ್ಯ...” ಎಂದು ಅವರು ಬಾಯಿ ತೆರೆಯುತ್ತಲೇ ಕನಕರಾಜು ಕೈ ಮುಗಿದ.

“ಅದನ್ನ ಮರ್ತುಬುಡಿ ಸಾಮಿ. ಯಾರ್ದೋ ಮಾತು ಕಟ್ಕಂಡು ಅರ್ಜಿ ಹಾಕ್ದೆ. ನಂಗೆ ಕೋವಿ ಬ್ಯಾಡ. ಇಡ್ಕಂಡ್ರೆ ಕೈ ನಡುಗ್ತದೆ. ಕಣ್ಮುಚ್ಕಂಡು ಹೊಡ್ದೋನು ನಾನು.”

“ಹಂಗಂತ ಬರ್ದು ಕೊಡ್ತೀರಾ?”

“ಈಗ್ಲೇ ಕೊಡ್ತೀನಿ!”

ಕೈ ತೊಳೆದು, ತನ್ನ ದುಂಡಗಿನ ಅಕ್ಷರದಲ್ಲಿ ಬರೆದು ರುಜು ಹಾಕಿಕೊಟ್ಟ. ಚೌಕಳಿ ಅಂಗಿಯವರು ಅದನ್ನು ಉಳಿದ ಹಾಳೆಗಳ ಜೊತೆ ಪಿನ್ನು ಚುಚ್ಚಿ, ಮಜ್ಜಿಗೆ ಕುಡಿದು, ನಿಟ್ಟುಸಿರಿಟ್ಟರು. “ಒಂಬತ್ತು ವರ್ಷದಿಂದ ಈ ಕೋವಿ ವಿಚಾರಣೆ ಮಾಡ್ತಿದ್ದೀನಿ ಕಣ್ರೀ. ಹೋದ ಕಡೆಯೆಲ್ಲ ಮಂಚದ ಕೆಳಗೇ ಹುಲಿ ಇದೆ ಅಂತಾರೆ. ಇದೇ ಮೊದಲು ಒಂದೂರು ಸ್ಟೇಷನ್ನಿಗೆ ಸತ್ಯ ಹೇಳಿದ್ದು.”

“ಸ್ಟೇಷನ್ನಿಗಾ?” ಎಂದ ಕನಕರಾಜು.

ಅವರು ಜೇಬಿನಿಂದ ಗುರುತಿನ ಚೀಟಿ ತೆಗೆದು ತೋರಿಸಿದರು. ಕನಕರಾಜು ಚಾಪೆಯ ಮೇಲೆ ಕೂತು, ಚೀಟಿಯ ಫೋಟೋವನ್ನೂ ಎದುರಿನ ಮುಖವನ್ನೂ ಹೋಲಿಸಿ ನೋಡಿದ. ಹರ್ಷಿತಾಳೇ ಮುಂದೆ ಬಂದು ಬಿಳಿ ಕಾರಿನಿಂದ ಹಿಡಿದು ಕುಂಟುನಾಯಿಯವರೆಗೆ ಎಲ್ಲವನ್ನೂ ಬಿಡಿಸಿ ಹೇಳಿದಳು.

ಚೌಕಳಿ ಅಂಗಿಯವರು ನಗಲಿಲ್ಲ. ಆ ಮನೆಯ ಅನ್ನ ಇನ್ನೂ ಗಂಟಲಲ್ಲಿತ್ತು. ಹಾಳೆಗಳನ್ನು ಕೈಗೆತ್ತಿಕೊಂಡರು.

“ನೋಡಿ ಕನಕರಾಜು, ಇದಿನ್ನೂ ರಿಜಿಸ್ಟರ್‌ಗೆ ಹತ್ತಿಲ್ಲ. ಇವತ್ತು ನನ್ನ ರಜೆ. ಬೇಕಂದ್ರೆ ಇದನ್ನ ಇಲ್ಲೇ ಹರಿದು, ನಾಳೆ ಖಾಕೀಲಿ ಬಂದು ಹೊಸದಾಗಿ ವಿಚಾರಿಸ್ತೀನಿ. ಊರೋರು ಗುರುವಾರದ ಮಾತನ್ನೇ ಹೇಳಲಿ. ಹರೀಲಾ?”

ಎಲ್ಲರೂ ಕನಕರಾಜುವಿನ ಕಡೆ ನೋಡಿದರು. ಅವನು ಎದ್ದು, ಪಂಚೆ ಸರಿಮಾಡಿಕೊಂಡು, ಎರಡೂ ಕೈಯಿಂದ ಆ ಹಾಳೆಗಳನ್ನು ಹಿಡಿದುಕೊಂಡ.

“ಹರೀಬ್ಯಾಡಿ ಸಾಮಿ. ಇದ್ರುದೊಂದು ನಕಲು ಕೊಡಿ.”

“ನಕಲು ಯಾಕ್ರೀ?”

“ನಾನು ರೌಡಿ ಅಲ್ಲ ಅಂತ ಪೊಲೀಸ್ನೋರೇ ಬರ್ದಿರೋ ಕಾಗದ ಇನ್ನೆಲ್ಲಿ ಸಿಕ್ತದೆ?”

ಚೌಕಳಿ ಅಂಗಿಯವರು ಅವನನ್ನು ಬೈಕಿನ ಹಿಂದೆ ಕೂರಿಸಿಕೊಂಡು ರಾವಂದೂರಿಗೆ ಹೋಗಿ, ಮುಚ್ಚುತ್ತಿದ್ದ ಜೆರಾಕ್ಸ್ ಅಂಗಡಿಯನ್ನು ತೆಗೆಸಿ, ನಕಲು ಮಾಡಿಸಿ ಕೊಟ್ಟರು. ಮತ್ತೆ ಊರ ಬಾಗಿಲಿಗೆ ತಂದೂ ಬಿಟ್ಟರು.

ಸೋಮವಾರ ಬೆಳಿಗ್ಗೆ ಕನಕರಾಜು ಮೈಸೂರಿನಲ್ಲಿ ತಿಮ್ಮಯ್ಯನವರ ಮನೆಯ ಎರಡನೆಯ ಮಹಡಿಯ ಬಾಗಿಲ ಮುಂದೆ ನಿಂತಿದ್ದ. ಗಂಟೆ ಒತ್ತಿದ. ಬಾಗಿಲ ಕಿಂಡಿಯಲ್ಲಿ ಒಂದು ಕಣ್ಣು ಕಾಣಿಸಿ ಮಾಯವಾಯಿತು.

“ಯಾರು?” ಮಾಯಮ್ಮನವರ ದನಿ.

“ನಾನು ತಾಯಿ, ಸಣ್ಣಕೊಪ್ಪಲಿನ ಕನಕರಾಜು.”

ಒಳಗಿನಿಂದ ಮೇಲಿನ ಚಿಲಕ ಬಿದ್ದ ಸದ್ದಾಯಿತು. ಆಮೇಲೆ ಕೆಳಗಿನದು. ಆಮೇಲೆ ಸರಪಳಿ.

“ಅವರು ಮನೇಲಿಲ್ಲ!” ಎಂದರು ಮಾಯಮ್ಮನವರು.

“ಹೌದು, ನಾನು ಮನೇಲಿಲ್ಲ!” ಎಂದರು ತಿಮ್ಮಯ್ಯನವರು.

ಬೇರೆಯವನಾಗಿದ್ದರೆ ಹಿಂದಿರುಗುತ್ತಿದ್ದ. ಕನಕರಾಜು ಬಗ್ಗಿ, ನಕಲನ್ನು ಬಾಗಿಲ ಸಂದಿಯಿಂದ ಒಳಕ್ಕೆ ತಳ್ಳಿದ. “ಅದನ್ನೊಂದು ಸಲ ಓದಿ ಸಾರ್. ಓದಿ, ಬ್ಯಾಡ ಅಂದ್ರೆ ಹೊಂಟೋಯ್ತೀನಿ.”

ಮೂವತ್ತನಾಲ್ಕು ವರ್ಷ ಸರ್ಕಾರಿ ಕೆಲಸ ಮಾಡಿದವರು ಮನುಷ್ಯನನ್ನು ಬಾಗಿಲಾಚೆ ನಿಲ್ಲಿಸಬಲ್ಲರು, ಕಾಗದವನ್ನು ಓದದೆ ಇರಲಾರರು. ಸ್ವಲ್ಪ ಹೊತ್ತಿನಲ್ಲೇ ತಿಮ್ಮಯ್ಯನವರ ಗಟ್ಟಿ ದನಿ ಕೇಳಿಸಿತು:

“‘ಸದರಿ ಕನಕರಾಜು ಬಿನ್ ಲೇಟ್ ಮಂಚಯ್ಯ ಎಂಬುವರು ಅತ್ಯಂತ ಸಾಧು ಸ್ವಭಾವದವರಾಗಿದ್ದು, ಎದುರುಮನೆಯ ಅಂಕಯ್ಯ ಎಂಬುವರಿಂದ ಪ್ರತಿನಿತ್ಯ ಗದರಿಸಿಕೊಳ್ಳುತ್ತಿರುವುದಾಗಿಯೂ, ಪಟಾಕಿ ಶಬ್ದಕ್ಕೆ ಹೆದರಿ ಹಸುವನ್ನು ತಬ್ಬಿಕೊಳ್ಳುವುದಾಗಿಯೂ, ಸದರಿಯವರಿಗೆ ಕೋವಿ ನೀಡಿದಲ್ಲಿ ನೀಡಿದವರಿಗೇ ಅಪಾಯವೆಂದೂ ಗ್ರಾಮಸ್ಥರು ಒಕ್ಕೊರಲಿನಿಂದ ತಿಳಿಸಿರುತ್ತಾರೆ...’”

ಮೆಟ್ಟಿಲ ಮೇಲೆ ಮೂರು ಮನೆಯವರು ಸೇರಿದ್ದರು. ಎದುರುಮನೆಯ ಸೋಮಮ್ಮ ಎಂಬ ಹೆಂಗಸು, ತನ್ನ ಬಗ್ಗೆ ಹೀಗೆಲ್ಲ ಓದಿಸಿಕೊಳ್ಳುವ ಮನುಷ್ಯ ನಿಂತಿರಬಾರದೆಂದು ಒಂದು ಪ್ಲಾಸ್ಟಿಕ್ ಕುರ್ಚಿ ತಂದು ಹಾಕಿ, ಒಂದು ಲೋಟ ನೀರನ್ನೂ ಕೊಟ್ಟಳು. ಕನಕರಾಜು ನೀರು ಕುಡಿದ, ಕೂರಲಿಲ್ಲ.

ಒಳಗೆ ಮಾಯಮ್ಮನವರು ನಕ್ಕಂತಾಯಿತು. ಮತ್ತೆ ಅವರದೇ ದನಿ, ಬಾಗಿಲಿಗೆ ತೀರ ಹತ್ತಿರದಿಂದ: “ರಾತ್ರಿಯೆಲ್ಲ ಮನೇಲಿರಲ್ಲ ಅಂತ ಹೇಳಿದ್ರಲ್ಲ, ಎಲ್ಲಿಗ್ ಹೋಗ್ತೀರಿ?”

“ಹಂದಿ ಕಾಯಾಕೆ ಹೊಲುಕ್ಕೆ ತಾಯಿ!”

ಕಾಗದ ಸರಿದ ಸದ್ದು. “ಊರಲ್ಲಿ ಹಂದಿಯೇ ಇಲ್ಲ ಅಂತ ಇದರಲ್ಲಿ ಬರೆದಿದೆಯಲ್ಲ!”

ಕನಕರಾಜು ಬಾಗಿಲಿಗೇ ನಮಸ್ಕಾರ ಮಾಡುವವನಂತೆ ಕೈ ಜೋಡಿಸಿದ.

“ಹಂದಿ ಅವೆ ತಾಯಿ. ಬೇಕಾದಷ್ಟು ಅವೆ. ನಮ್ಮೂರೋರು ನನಗೋಸ್ಕರ ಸುಳ್ಳು ಹೇಳುದ್ರು. ಗುರುವಾರ ನನ್ ಕೋವಿಗೋಸ್ಕರ, ಭಾನುವಾರ ನನ್ ಮಗಳಿಗೋಸ್ಕರ.”

“ಹಾಗಾದ್ರೆ ನೀವು ಪುಕ್ಕಲು ಅಂತ ಬರೆದಿರೋದೂ ಸುಳ್ಳಾ?”

“ಇಲ್ಲ ತಾಯಿ,” ಎಂದ ಕನಕರಾಜು, ಮೂರು ಮಹಡಿಗೂ ಕೇಳುವಂತೆ. “ಅದು ದಿಟ!”

ಒಳಗಿನಿಂದ ಒಂದೊಂದೇ ಸದ್ದು ಕೇಳಿಸಿತು: ಗುಸುಗುಸು, ಮೇಜಿನ ಡ್ರಾಯರ್ ಎಳೆದದ್ದು, ಪೆನ್ನಿನ ಮುಚ್ಚಳ ತೆಗೆದದ್ದು. ಆಮೇಲೆ ಬಾಗಿಲ ಸಂದಿಯಿಂದ ಕಾಗದ ಮೆಲ್ಲನೆ ಹೊರಬಂತು. ಅಂಚಿನಲ್ಲಿ ಕೆಂಪು ಶಾಯಿಯಲ್ಲಿ, ಕಚೇರಿಯ ಕೈಬರಹದಲ್ಲಿ ಹೀಗಿತ್ತು:

“ಪರಿಶೀಲಿಸಲಾಯಿತು. ಹಂದಿಯ ಅಂಶವೊಂದನ್ನು ಬಿಟ್ಟು ಉಳಿದುದನ್ನು ಒಪ್ಪಿದೆ. ಹುಡುಗಿ ನೋಡಲು ಬರುವ ಭಾನುವಾರ ಹತ್ತು ಗಂಟೆ. ತಿಮ್ಮಯ್ಯ.” ಕೆಳಗೆ ತಾರೀಕು.

ಕನಕರಾಜು ಅದನ್ನು ಮೂರು ಸಲ ಓದಿದ. ಅವನು ಬರೆದ ಅರ್ಜಿಗಳಲ್ಲಿ ಒಂದೇ ದಿನಕ್ಕೆ ಮಂಜೂರಾದದ್ದು ಇದೊಂದೇ. ಇದನ್ನು ಅವನು ಅರ್ಜಿ ಎಂದು ಬರೆದೂ ಇರಲಿಲ್ಲ.

ಆಗ ಸರಪಳಿ ಕಳಚಿತು. ಕೆಳಗಿನ ಚಿಲಕ ಸರಿಯಿತು. ಮೇಲಿನದು ಸ್ವಲ್ಪ ಸತಾಯಿಸಿ, ಅದೂ ಸರಿಯಿತು.

“ಒಳಗೆ ಬನ್ನಿ ಬೀಗರೇ,” ಎಂದರು ಮಾಯಮ್ಮನವರು, “ಕಾಫಿ ಆರ್ತಿದೆ.”